ಮಿದುಳಿನ ಅಧ್ಯಯನಕ್ಕೆ ಯಾವ ವಿಧಾನ? ಗಡಿನಾಡಿನ ವಿದ್ಯಾರ್ಥಿಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಕಾಸರಗೋಡು, ಮಂಜೇಶ್ವರ ಭಾಗದಿಂದ ಮನೋವಿಜ್ಞಾನ, ಭಾಷಾವಿಜ್ಞಾನ ಅಥವಾ ಜೀವವಿಜ್ಞಾನ ಓದಲು ಹೊರಡುವ ವಿದ್ಯಾರ್ಥಿಗಳು ಸ್ನಾತಕೋತ್ತರ ಹಂತಕ್ಕೆ ಬಂದಾಗ ಬಹುತೇಕ ಒಂದೇ ಪ್ರಶ್ನೆ ಕೇಳುತ್ತಾರೆ. ಮಿದುಳಿನ ಬಗ್ಗೆ ಸಂಶೋಧನೆ ಮಾಡಬೇಕೆಂದಿದೆ; ಇಇಜಿ (ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ತನ್ನು ಅಳೆಯುವ ವಿಧಾನ) ಕಲಿಯುವುದು ಒಳ್ಳೆಯದೋ, ಎಂಆರ್‌ಐ (ಕಾಂತಕ್ಷೇತ್ರದ ನೆರವಿನಿಂದ ಮಿದುಳಿನ ಚಿತ್ರ ತೆಗೆಯುವ ಯಂತ್ರ) ಇರುವ ಸಂಸ್ಥೆಯನ್ನೇ ಹುಡುಕುವುದು ಒಳ್ಳೆಯದೋ, ಅಥವಾ ಯಾವ ಯಂತ್ರವೂ ಇಲ್ಲದೆ ಏನಾದರೂ ಮಾಡಲು ಸಾಧ್ಯವೋ? ಈ ಪ್ರಶ್ನೆಗೆ ಯಂತ್ರದ ಹೆಸರು ಹೇಳಿ ಉತ್ತರಿಸಿದರೆ ವಿದ್ಯಾರ್ಥಿಗೆ ಸಹಾಯವಾಗುವುದಿಲ್ಲ. ಒಂದೊಂದು ವಿಧಾನವೂ ಮಿದುಳಿನ ಒಂದೊಂದು ಗುಣವನ್ನು ಮಾತ್ರ ಅಳೆಯುತ್ತದೆ. ನಮ್ಮ ಪ್ರಶ್ನೆ ಯಾವ ಗುಣದ ಬಗ್ಗೆ ಎಂಬುದು ಖಚಿತವಾಗುವವರೆಗೆ ಆಯ್ಕೆ ಮಾಡಲು ಬರುವುದಿಲ್ಲ.

ಆದ್ದರಿಂದ ಎಲ್ಲ ವಿಧಾನಗಳನ್ನೂ ಒಂದೇ ಪ್ರಶ್ನೆಯ ಮುಂದಿಟ್ಟು ನೋಡೋಣ. ಪ್ರಶ್ನೆ ನಮ್ಮ ಊರಿನದೇ ಆಗಿರಲಿ. ಸಪ್ತಭಾಷಾ ಸಂಗಮಭೂಮಿ ಎಂದು ಕರೆಸಿಕೊಳ್ಳುವ ಕಾಸರಗೋಡಿನಲ್ಲಿ ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡುವ ಹುಡುಗಿ ಶಾಲೆಯಲ್ಲಿ ಗ್ರಾಂಥಿಕ ಕನ್ನಡ ಓದುತ್ತಾಳೆ, ಬಸ್ಸಿನಲ್ಲಿ ಕಂಡಕ್ಟರನೊಂದಿಗೆ ಮಲಯಾಳದಲ್ಲಿ ಮಾತಾಡುತ್ತಾಳೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವ ಆ ಕ್ಷಣದಲ್ಲಿ ಅವಳ ಮಿದುಳು ಏನು ಮಾಡುತ್ತದೆ? ಸರಳವಾಗಿ ಕಾಣುವ ಈ ಮಾತಿನೊಳಗೆ ಕನಿಷ್ಠ ಮೂರು ಪ್ರಶ್ನೆಗಳಿವೆ: ಆ ಕೆಲಸ ಯಾವಾಗ ನಡೆಯುತ್ತದೆ, ಎಲ್ಲಿ ನಡೆಯುತ್ತದೆ, ಮತ್ತು ಆ ಜಾಗ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆಯೇ.

ಇವುಗಳಿಂದಲೇ ನಮ್ಮ ಮಾನದಂಡಗಳು ಹುಟ್ಟುತ್ತವೆ. ಮೊದಲನೆಯದು ಕಾಲದ ಸೂಕ್ಷ್ಮತೆ, ಅಂದರೆ ವಿಧಾನವು ಮಿಲಿಸೆಕೆಂಡುಗಳನ್ನು ಹಿಡಿಯಬಲ್ಲುದೇ ಎಂಬುದು. ಎರಡನೆಯದು ಸ್ಥಳದ ಸೂಕ್ಷ್ಮತೆ. ಮೂರನೆಯದನ್ನು ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುತ್ತಾರೆ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ: ವಿಧಾನವು ಮಿದುಳನ್ನು ಬರಿದೇ ಗಮನಿಸುತ್ತದೆಯೋ ಅಥವಾ ಅದರ ಕೆಲಸದಲ್ಲಿ ಬದಲಾವಣೆ ತಂದು ಪರಿಣಾಮವನ್ನು ನೋಡುತ್ತದೆಯೋ? ಗಮನಿಸುವುದರಿಂದ ಸಂಬಂಧ ತಿಳಿಯುತ್ತದೆ. ಕಾರಣ ತಿಳಿಯಬೇಕಾದರೆ ಬದಲಾವಣೆ ಬೇಕು. ಇವುಗಳ ಜೊತೆಗೆ ದೇಹಕ್ಕಾಗುವ ಅಪಾಯ, ಭಾಗವಹಿಸುವವರು ಶಿಶುಗಳೋ ವೃದ್ಧರೋ ಎಂಬುದು, ಮತ್ತು ಹಣ ಹಾಗೂ ದೂರದ ಲೆಕ್ಕ. ತಿರುವನಂತಪುರವು ರಾಜ್ಯದ ಆ ತುದಿಯಲ್ಲಿದ್ದು, ಮಂಗಳೂರು ಹತ್ತಿರವಿದ್ದರೂ ಬೇರೆ ರಾಜ್ಯದಲ್ಲಿರುವ ನಮ್ಮಂಥವರಿಗೆ ಈ ಕೊನೆಯ ಮಾನದಂಡ ಸಣ್ಣದಲ್ಲ.

ಎಲ್ಲಕ್ಕಿಂತ ಅಗ್ಗದ ವಿಧಾನದಿಂದ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಸಿಗಬೇಕಾದ ಗೌರವ ಸಿಗುತ್ತಿಲ್ಲ. ಅದು ವರ್ತನೆಯ ಪ್ರಯೋಗ. 1868ರಲ್ಲಿ ಡಚ್ ವಿಜ್ಞಾನಿ ಡಾಂಡರ್ಸ್ ಪ್ರತಿಕ್ರಿಯೆಯ ವೇಳೆಯನ್ನು ಅಳೆದು, ಸರಳ ಕೆಲಸಕ್ಕೂ ಆಯ್ಕೆ ಬೇಕಾದ ಕೆಲಸಕ್ಕೂ ತಗಲುವ ಸಮಯದ ವ್ಯತ್ಯಾಸದಿಂದ ಮನಸ್ಸಿನೊಳಗಿನ ಹಂತಗಳನ್ನು ಊಹಿಸಬಹುದೆಂದು ತೋರಿಸಿದರು. ನಮ್ಮ ಪ್ರಶ್ನೆಗೆ ಇದು ನೇರವಾಗಿ ಅನ್ವಯಿಸುತ್ತದೆ. 1999ರಲ್ಲಿ ರೆನಾಟಾ ಮ್ಯೂಟರ್ ಮತ್ತು ಆಲನ್ ಆಲ್ಪೋರ್ಟ್ ಎಂಬವರು ದ್ವಿಭಾಷಿಗಳಿಗೆ ಪರದೆಯ ಮೇಲಿನ ಅಂಕಿಗಳನ್ನು ಒಮ್ಮೆ ಒಂದು ಭಾಷೆಯಲ್ಲಿ, ಒಮ್ಮೆ ಇನ್ನೊಂದರಲ್ಲಿ ಹೇಳಲು ಸೂಚಿಸಿದಾಗ, ಬಲಹೀನವಾದ ಭಾಷೆಗೆ ಹೊರಳುವುದಕ್ಕಿಂತ ಬಲವಾದ ಭಾಷೆಗೆ ಮರಳುವಾಗಲೇ ಹೆಚ್ಚು ತಡವಾಗುತ್ತದೆಂದು ಕಂಡಿತು. ಬಲವಾದ ಭಾಷೆಯನ್ನು ಆ ತನಕ ಒತ್ತಿ ಹಿಡಿದಿರಬೇಕಾದುದರಿಂದ ಅದನ್ನು ಬಿಡಿಸಿಕೊಳ್ಳಲು ಸಮಯ ಬೇಕು ಎಂಬುದು ಅವರ ವಿವರಣೆ. ಮಿದುಳು ಏನನ್ನು ತಡೆಯುತ್ತದೆ, ಏನನ್ನು ಬಿಡುತ್ತದೆ ಎಂಬ ಇಷ್ಟು ಆಳವಾದ ಸುಳಿವು ಯಾವ ಸ್ಕ್ಯಾನರೂ ಇಲ್ಲದೆ ದೊರೆಯಿತು.

ಈ ಪ್ರಯೋಗಕ್ಕೆ ಬೇಕಾದುದು ಒಂದು ಲ್ಯಾಪ್‌ಟಾಪ್, ಒಳ್ಳೆಯ ಮೈಕು, ಸದ್ದಿಲ್ಲದ ಕೋಣೆ, ಮತ್ತು ಸೈಕೋಪೈಯಂತಹ ಉಚಿತ ತಂತ್ರಾಂಶ. ಆದರೆ ಹುಡುಕುವ ವ್ಯತ್ಯಾಸವು ಹಲವು ಹತ್ತು ಮಿಲಿಸೆಕೆಂಡುಗಳಷ್ಟೇ ಇರುವುದರಿಂದ ಒಬ್ಬೊಬ್ಬರಿಂದಲೂ ನೂರಾರು ಉತ್ತರಗಳನ್ನು ಪಡೆದು ಸರಾಸರಿ ತೆಗೆಯಬೇಕು. ಕೇಳಿಸುವ ಪದಗಳನ್ನು ಧಾರವಾಡದ ಅಥವಾ ಬೆಂಗಳೂರಿನ ಧ್ವನಿಯಲ್ಲಿ ಮುದ್ರಿಸದೆ ಇಲ್ಲಿನವರ ಧ್ವನಿಯಲ್ಲೇ ಮುದ್ರಿಸಬೇಕು. ಇಲ್ಲವಾದರೆ ಭಾಷೆಯ ಬದಲು ಉಚ್ಚಾರದ ಅಪರಿಚಿತತೆಯನ್ನು ಅಳೆದಂತಾದೀತು. ಈ ವಿಧಾನ ಜಾಗವನ್ನು ಹೇಳದು, ಅದೇ ಅದರ ಮಿತಿ. ಆದರೂ ಇದರಲ್ಲಿ ಸ್ಪಷ್ಟವಾದ ಪರಿಣಾಮ ಕಾಣದೆ ದುಬಾರಿ ಯಂತ್ರದ ಕಡೆಗೆ ಹೋಗಬಾರದು.

ಯಾವಾಗ ಎಂಬುದೇ ನಿಮ್ಮ ಪ್ರಶ್ನೆಯಾದರೆ ಮುಂದಿನ ಹೆಜ್ಜೆ ಇಇಜಿ. ಜರ್ಮನಿಯ ಯೇನಾ ನಗರದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ವಿದ್ಯುತ್ ಅಲೆಗಳನ್ನು ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಮಿದುಳಿನ ಹೊರಪದರದ ಸಾವಿರಾರು ನರಕೋಶಗಳು ಒಟ್ಟಿಗೆ ಸಕ್ರಿಯವಾದಾಗ ಉಂಟಾಗುವ ವಿದ್ಯುತ್ತು ತಲೆಬುರುಡೆಯನ್ನು ದಾಟಿ ನೆತ್ತಿಗೆ ಬರುವಷ್ಟರಲ್ಲಿ ಕೆಲವೇ ಹತ್ತು ಮೈಕ್ರೊವೋಲ್ಟುಗಳಿಗೆ, ಅಂದರೆ ವೋಲ್ಟಿನ ಲಕ್ಷದಲ್ಲೊಂದು ಪಾಲಿನ ಆಸುಪಾಸಿಗೆ ಇಳಿದಿರುತ್ತದೆ. ಇಷ್ಟು ಕ್ಷೀಣವಾಗಿದ್ದರೂ ಅದು ತಡವಿಲ್ಲದೆ ಬರುತ್ತದೆ, ಆದ್ದರಿಂದ ಇಇಜಿ ಮಿಲಿಸೆಕೆಂಡಿನ ಲೆಕ್ಕದಲ್ಲಿ ಮಾತಾಡಬಲ್ಲುದು. 1980ರಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಅರ್ಥಕ್ಕೆ ಹೊಂದದ ಪದವೊಂದು ವಾಕ್ಯದ ಕೊನೆಯಲ್ಲಿ ಬಂದಾಗ ಸುಮಾರು 400 ಮಿಲಿಸೆಕೆಂಡುಗಳ ಬಳಿಕ ಋಣಾತ್ಮಕ ಅಲೆಯೊಂದು ಏಳುವುದನ್ನು ತೋರಿಸಿದರು. ‘ಅಮ್ಮ ದೋಸೆಗೆ ಚಟ್ನಿ ಅರೆದಳು’ ಎಂಬಲ್ಲಿ ಚಟ್ನಿಯ ಜಾಗಕ್ಕೆ ‘ಛತ್ರಿ’ ಬಂದರೆ ಏಳುವ ಅಲೆ ಈ ಜಾತಿಯದು. ಕನ್ನಡ ವಾಕ್ಯದ ನಡುವೆ ತುಳು ಪದ ಬಂದಾಗ ಕಾಸರಗೋಡಿನ ಕೇಳುಗರಲ್ಲಿ ಈ ಅಲೆ ಏಳುತ್ತದೆಯೇ, ಅದೇ ಪದಕ್ಕೆ ತುಮಕೂರಿನ ಕೇಳುಗರಲ್ಲಿ ಏನಾಗುತ್ತದೆ ಎಂಬುದು ಒಂದು ಪ್ರಬಂಧಕ್ಕೆ ಸಾಕಾಗುವ ಪ್ರಶ್ನೆ.

ಇಇಜಿಯ ದೌರ್ಬಲ್ಯವಿರುವುದು ಸ್ಥಳದ ವಿಷಯದಲ್ಲಿ. ತಲೆಬುರುಡೆಯು ವಿದ್ಯುತ್ತನ್ನು ಚದುರಿಸುವುದರಿಂದ, ಕಿವಿಯ ಮೇಲ್ಗಡೆ ತಲೆಗೆ ತಾಗಿಸಿದ ಎಲೆಕ್ಟ್ರೋಡಿನಲ್ಲಿ (ವಿದ್ಯುತ್ತನ್ನು ಹಿಡಿಯುವ ಪುಟ್ಟ ಬಿಲ್ಲೆಯಲ್ಲಿ) ಕಂಡ ಅಲೆ ಅದರ ಕೆಳಗಿನ ಮಿದುಳಿನಿಂದಲೇ ಬಂದಿದೆ ಎನ್ನಲಾಗದು. ಸೆಂಟಿಮೀಟರುಗಳಷ್ಟು ತಪ್ಪಬಹುದು, ಆಳದ ಭಾಗಗಳಂತೂ ಸರಿಯಾಗಿ ಕಾಣವು. ಕಣ್ಣು ಮಿಟುಕಿಸಿದರೆ, ದವಡೆ ಬಿಗಿದರೆ ಏಳುವ ಸಂಕೇತ ಮಿದುಳಿನದಕ್ಕಿಂತ ಹೆಚ್ಚು ದೊಡ್ಡದು. ಮಾತಾಡಿಸುವ ಪ್ರಯೋಗಕ್ಕಿಂತ ಕೇಳಿಸುವ ಪ್ರಯೋಗ ಇಲ್ಲಿ ಸುಲಭವಾಗಿರುವುದು ಇದೇ ಕಾರಣಕ್ಕೆ. ಕರಾವಳಿಯವರು ನೆನಪಿಡಬೇಕಾದ ಇನ್ನೊಂದು ಮಾತಿದೆ: ತೆಂಗಿನೆಣ್ಣೆ ಹಚ್ಚಿದ ತಲೆಯ ಮೇಲೆ ಎಲೆಕ್ಟ್ರೋಡು ಸರಿಯಾಗಿ ಸಂಪರ್ಕ ಪಡೆಯದು. ಹಿಂದಿನ ರಾತ್ರಿ ಶ್ಯಾಂಪೂ ಹಾಕಿ ತಲೆ ತೊಳೆದು, ಬೆಳಗ್ಗೆ ಎಣ್ಣೆ ಹಚ್ಚದೆ ಬರಲು ಮೊದಲೇ ಹೇಳಿರಬೇಕು. ಒಟ್ಟಿನಲ್ಲಿ ಯಂತ್ರಕ್ಕೆ ಲಕ್ಷಗಳ ವೆಚ್ಚ, ನಂತರದ ಖರ್ಚು ಕಡಿಮೆ, ಅಪಾಯ ಇಲ್ಲವೆಂದೇ ಹೇಳಬಹುದು. ಸಾಮಾನ್ಯ ವಿದ್ಯಾರ್ಥಿಗೆ, ಕೊಟ್ಟ ಹಣಕ್ಕೆ ಇಷ್ಟು ಮಾಹಿತಿ ತರುವ ಬೇರೆ ಯಂತ್ರವಿಲ್ಲ.

ಇಇಜಿಯ ಕಾಲಸೂಕ್ಷ್ಮತೆಯನ್ನು ಉಳಿಸಿಕೊಂಡು ಸ್ಥಳವನ್ನೂ ಇನ್ನಷ್ಟು ಚೆನ್ನಾಗಿ ಹೇಳುವುದು ಎಂಇಜಿ. ಅದು ವಿದ್ಯುತ್ತಿನ ಬದಲು ಅದರೊಂದಿಗೆ ಹುಟ್ಟುವ ಕಾಂತಕ್ಷೇತ್ರವನ್ನು ಅಳೆಯುತ್ತದೆ; ಕಾಂತಕ್ಷೇತ್ರವನ್ನು ತಲೆಬುರುಡೆ ಅಷ್ಟಾಗಿ ಕೆಡಿಸದು. ಆದರೆ ಆ ಕ್ಷೇತ್ರವು ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 100 ಕೋಟಿ ಪಟ್ಟು ದುರ್ಬಲವಾಗಿರುವುದರಿಂದ ವಿಶೇಷ ಕವಚದ ಕೋಣೆಯೂ, ಸಾಂಪ್ರದಾಯಿಕ ಯಂತ್ರಗಳಲ್ಲಿ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ದ್ರವ ಹೀಲಿಯಮ್ಮೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ಅಲ್ಲಿನ ಮಾರ್ಗದರ್ಶಕರೊಂದಿಗೆ ಪಿಎಚ್.ಡಿ. ಮಾಡುವವರು ಯೋಚಿಸಬಹುದು, ಉಳಿದವರು ಇದನ್ನು ಬದಿಗಿಡಬಹುದು.

ಎಲ್ಲಿ ಎಂಬ ಪ್ರಶ್ನೆಗೆ ಬಂದಾಗ ಎಲ್ಲರ ಬಾಯಲ್ಲೂ ಬರುವ ಹೆಸರು ಎಂಆರ್‌ಐ. ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಆಸ್ಪತ್ರೆಯಲ್ಲಿ ತೆಗೆಯುವ ಸಾಮಾನ್ಯ ಎಂಆರ್‌ಐ ಮಿದುಳಿನ ರಚನೆಯ ಚಿತ್ರ. ಅದರಲ್ಲಿ ಗೆಡ್ಡೆ, ಗಾಯ, ಸವೆತ ಕಾಣುತ್ತವೆ, ಯೋಚನೆ ಕಾಣುವುದಿಲ್ಲ. ಕೆಲಸ ಮಾಡುತ್ತಿರುವ ಮಿದುಳನ್ನು ನೋಡುವುದು ಎಫ್‌ಎಂಆರ್‌ಐ. ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು ಶೇಕಡಾ 20ನ್ನು ಬಳಸುತ್ತದೆ. ಒಂದು ಭಾಗ ಹೆಚ್ಚು ದುಡಿದರೆ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕವಿರುವ ಮತ್ತು ಇಲ್ಲದ ಹೀಮೊಗ್ಲೋಬಿನ್‌ಗಳ ಕಾಂತಗುಣ ಬೇರೆಯಾಗಿರುವುದನ್ನು ಬಳಸಿಕೊಂಡು ಈ ಹರಿವನ್ನು ಚಿತ್ರಿಸಬಹುದೆಂದು 1990ರಲ್ಲಿ ಸೇಜಿ ಒಗಾವಾ ತೋರಿಸಿದರು. ಎರಡು ಮೂರು ಮಿಲಿಮೀಟರಿನಷ್ಟು ಸೂಕ್ಷ್ಮವಾಗಿ, ಮಿದುಳಿನ ಆಳದವರೆಗೂ, ವಿಕಿರಣವಿಲ್ಲದೆ ನೋಡಲು ಇದರಿಂದ ಸಾಧ್ಯವಾಯಿತು. ಭಾಷೆ ಬದಲಿಸುವಾಗ ಎಡ ಮುಂಭಾಗದ ಹೊರಪದರದ ಜೊತೆಗೆ ಆಳದಲ್ಲಿರುವ ಕಾಡೇಟ್ ಎಂಬ ಭಾಗವೂ ತೊಡಗಿಕೊಳ್ಳುತ್ತದೆಂಬ ತಿಳಿವಳಿಕೆ ಬಲಗೊಂಡದ್ದರಲ್ಲಿ ಇಂಥ ಚಿತ್ರಣದ ಪಾಲು ದೊಡ್ಡದು. ನೆತ್ತಿಯ ಮೇಲಿನ ಇಇಜಿಗೆ ಅಷ್ಟು ಆಳ ಎಟಕುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಮೊದಲಾಗಿ ಸಮಯದಲ್ಲಿದೆ. ರಕ್ತದ ಹರಿವು ನರಕೋಶದ ಕೆಲಸದ ಹಿಂದೆ ನಿಧಾನವಾಗಿ ಬಂದು ಐದಾರು ಸೆಕೆಂಡುಗಳ ಬಳಿಕ ತುದಿ ಮುಟ್ಟುತ್ತದೆ. ಚೆಂಡೆವಾದಕನೊಬ್ಬ ಅಷ್ಟರಲ್ಲಿ ಹತ್ತಾರು ಪೆಟ್ಟುಗಳನ್ನು ಬಾರಿಸಿರುತ್ತಾನೆ. ಆ ಒಂದೊಂದು ಪೆಟ್ಟನ್ನೂ ಎಫ್‌ಎಂಆರ್‌ಐ ಬಿಡಿಸಿ ಹೇಳದು. ಎರಡನೆಯದಾಗಿ, ಚಿತ್ರದಲ್ಲಿ ಕಾಣುವ ಬಣ್ಣದ ಚುಕ್ಕೆಯೊಳಗಿನ ಪುಟ್ಟ ಘನದಲ್ಲಿ ಲಕ್ಷಗಟ್ಟಲೆ ನರಕೋಶಗಳಿವೆ. ಮೂರನೆಯದು ಲೆಕ್ಕಾಚಾರದ ಅಪಾಯ, ಮತ್ತು ಇದರ ಬಗ್ಗೆ ಹೊಸಬರಿಗೆ ಎಷ್ಟು ಎಚ್ಚರಿಸಿದರೂ ಸಾಲದು. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು ಮನುಷ್ಯರ ಭಾವಚಿತ್ರಗಳನ್ನು ತೋರಿಸಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಆಕಸ್ಮಿಕವಾಗಿ ಕಾಣುವ ಸುಳ್ಳು ಫಲಿತಾಂಶಗಳನ್ನು ತಡೆಯಲು ಮಾಡಬೇಕಾದ ತಿದ್ದುಪಡಿಯನ್ನು ಬಿಟ್ಟಾಗ ಆ ಮೀನಿನ ಮಿದುಳಿನಲ್ಲೂ ‘ಚಟುವಟಿಕೆ’ ಕಂಡಿತು, ತಿದ್ದುಪಡಿ ಮಾಡಿದಾಗ ಅದು ಇಲ್ಲವಾಯಿತು. 2022ರಲ್ಲಿ ಸ್ಕಾಟ್ ಮಾರೆಕ್ ಮತ್ತಿತರರು ತೋರಿಸಿದಂತೆ, ವ್ಯಕ್ತಿಯಿಂದ ವ್ಯಕ್ತಿಗಿರುವ ಸ್ವಭಾವ ಅಥವಾ ಬುದ್ಧಿಯ ವ್ಯತ್ಯಾಸವನ್ನು ಮಿದುಳಿನ ಚಿತ್ರಕ್ಕೆ ಜೋಡಿಸಿ ನಂಬಲರ್ಹವಾದ ಫಲಿತಾಂಶ ಪಡೆಯಲು ಸಾವಿರಾರು ಜನ ಬೇಕು. ಒಬ್ಬನೇ ವ್ಯಕ್ತಿ ಎರಡು ಕೆಲಸ ಮಾಡುವಾಗಿನ ವ್ಯತ್ಯಾಸವನ್ನು ನೋಡುವುದಕ್ಕೆ ಅಷ್ಟು ಜನ ಬೇಡ. ಕಾಸರಗೋಡಿನ ಇಪ್ಪತ್ತು ಮಂದಿಯನ್ನು ಸ್ಕ್ಯಾನ್ ಮಾಡಿ ‘ಬಹುಭಾಷಿಗಳ ಬುದ್ಧಿ ಹೀಗೆ’ ಎಂದು ಬರೆಯಲಾಗದು, ಆದರೆ ಅದೇ ಇಪ್ಪತ್ತು ಮಂದಿ ಭಾಷೆ ಬದಲಿಸುವಾಗ ಮತ್ತು ಬದಲಿಸದಿರುವಾಗ ಆಗುವ ಭೇದವನ್ನು ವಿಚಾರಿಸಬಹುದು.

ಸ್ಕ್ಯಾನರಿನೊಳಗೆ ಯಾರು ಹೋಗಬಲ್ಲರು ಎಂಬುದೂ ಮುಖ್ಯ. 3 ಟೆಸ್ಲಾ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಬಲದ ಅಳತೆ) ಯಂತ್ರದ ಕಾಂತಕ್ಷೇತ್ರವು ಭೂಮಿಯದಕ್ಕಿಂತ ಸುಮಾರು 60,000 ಪಟ್ಟು ಪ್ರಬಲ. ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್, ಕಣ್ಣಿನಲ್ಲಿ ಲೋಹದ ಚೂರು ಇರುವವರನ್ನು ಸಂಶೋಧನೆಗೆ ಸೇರಿಸಬಾರದು. ಕೊಳವೆ ಇಕ್ಕಟ್ಟು, ಸದ್ದು ಜೋರು, ತಲೆ ಅಲುಗಿದರೆ ಚಿತ್ರ ಕೆಡುತ್ತದೆ. ಗಂಟೆಯ ಲೆಕ್ಕದಲ್ಲಿ ಸಾವಿರಾರು ರೂಪಾಯಿ ಕೊಡಬೇಕಾಗುತ್ತದೆ. ಹಣವಿಲ್ಲದ ವಿದ್ಯಾರ್ಥಿ ಇದರಿಂದ ನಿರಾಶನಾಗಬೇಕಾಗಿಲ್ಲ: ಓಪನ್‌ನ್ಯೂರೊದಂತಹ ಭಂಡಾರಗಳಲ್ಲಿ ಜಗತ್ತಿನ ಸಂಶೋಧಕರು ತಮ್ಮ ದತ್ತಾಂಶವನ್ನು ಉಚಿತವಾಗಿ ಇಟ್ಟಿದ್ದಾರೆ, ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್ ಸಾವಿರಕ್ಕೂ ಹೆಚ್ಚು ಜನರ ಚಿತ್ರಗಳನ್ನು ಒದಗಿಸಿದೆ. ಬದಿಯಡ್ಕದ ಮನೆಯಲ್ಲಿ ಕುಳಿತೇ ವಿಶ್ಲೇಷಣೆ ಕಲಿಯಬಹುದು. ತುಳು ಬಲ್ಲವರ ದತ್ತಾಂಶ ಅಲ್ಲಿ ಸಿಗದೇ ಹೋದೀತು, ಆದರೆ ಕೈಗೆ ಬರುವ ವಿದ್ಯೆ ಮುಂದೆ ಎಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಪೆಟ್ ಸ್ಕ್ಯಾನಿನ ಸ್ಥಾನ ಬೇರೆ. ವಿಕಿರಣಶೀಲ ಗುರುತು ಹಚ್ಚಿದ ಅಣುವನ್ನು ರಕ್ತಕ್ಕೆ ಸೇರಿಸಿ ಅದು ಎಲ್ಲಿ ನೆಲೆಯಾಗುತ್ತದೆಂದು ನೋಡುವ ಈ ವಿಧಾನ, ಡೋಪಮಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಹಿಡಿದುಕೊಳ್ಳುವ ಗ್ರಾಹಕಗಳು ಎಲ್ಲಿವೆ, ಆಲ್ಜೈಮರ್ ಕಾಯಿಲೆಯಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನ್ ಎಷ್ಟು ಕೂಡಿದೆ ಎಂಬ ರಾಸಾಯನಿಕ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಬೇರೆ ವಿಧಾನಗಳಿಗೆ ಇದು ಸುಲಭವಲ್ಲ. ಹೆಚ್ಚು ಬಳಕೆಯಲ್ಲಿರುವ ಫ್ಲೋರಿನ್-18ರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಸಮಯ) ಸುಮಾರು 110 ನಿಮಿಷ, ಆದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಹತ್ತಿರವಿರಬೇಕು. ಭಾಷೆ ಬದಲಿಸುವ ಪ್ರಶ್ನೆಗಾಗಿ ಆರೋಗ್ಯವಂತ ಮಕ್ಕಳಿಗೆ ವಿಕಿರಣ ನೀಡುವುದನ್ನು ಸಮರ್ಥಿಸಲಾಗದು.

ಶಿಶುಗಳು ಮತ್ತು ಚಲಿಸುವವರು ನಿಮ್ಮ ವಿಷಯವಾದರೆ ಎಫ್‌ನಿರ್ಸ್ ಎಂಬ ಬೆಳಕಿನ ವಿಧಾನವನ್ನು ನೋಡಿ. ಅವಕೆಂಪು ಬೆಳಕನ್ನು ತಲೆಯೊಳಗೆ ಹಾಯಿಸಿ, ಮರಳಿ ಬಂದುದರಿಂದ ರಕ್ತದ ಆಮ್ಲಜನಕವನ್ನು ಅಂದಾಜಿಸುವ ಈ ಟೊಪ್ಪಿ ಧರಿಸಿದ ಮಗು ತಾಯಿಯ ಮಡಿಲಲ್ಲೇ ಕೂತಿರಬಹುದು. ಮನೆಯಲ್ಲಿ ಎರಡು ಭಾಷೆ ಕೇಳಿ ಬೆಳೆಯುವ ಕೂಸು ಯಾವಾಗಿನಿಂದ ಅವನ್ನು ಬೇರ್ಪಡಿಸಿ ಕೇಳಿಸಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಸೌಮ್ಯವಾದ ಸಾಧನ ಕಡಿಮೆ. ಯಕ್ಷಗಾನದ ತೆಂಕುತಿಟ್ಟಿನ ವೇಷಧಾರಿ ಹೆಜ್ಜೆ ಹಾಕುತ್ತ ಅರ್ಥ ಹೇಳುವಾಗಿನ ಮಿದುಳನ್ನು ನೋಡುವ ಆಸೆಯಿದ್ದವರಿಗೂ ಎಂಆರ್‌ಐ ಕೊಳವೆ ಒದಗದು, ಇದು ಒದಗೀತು. ಆದರೆ ಬೆಳಕು ಮಿದುಳಿನ ಹೊರಪದರವನ್ನು ಮಾತ್ರ ಮುಟ್ಟುತ್ತದೆ, ಆಳಕ್ಕೆ ಇಳಿಯದು, ಮತ್ತು ನಮ್ಮವರ ದಟ್ಟ ಕಪ್ಪು ಕೂದಲು ಅದನ್ನು ಹೀರಿಕೊಳ್ಳುತ್ತದೆ.

ಈವರೆಗಿನ ಎಲ್ಲ ವಿಧಾನಗಳೂ ಗಮನಿಸುವವು. ಭಾಷೆ ಬದಲಿಸುವಾಗ ಒಂದು ಭಾಗ ಬೆಳಗಿತೆಂದರೆ ಆ ಭಾಗವಿಲ್ಲದೆ ಬದಲಿಸಲಾಗದು ಎಂದು ಸಿದ್ಧವಾಗುವುದಿಲ್ಲ. ಈ ಮೂರನೆಯ ಪ್ರಶ್ನೆಗೆ ಅತ್ಯಂತ ಹಳೆಯ ಉತ್ತರ ರೋಗಿಗಳಿಂದ ಬಂದಿದೆ. 1861ರಲ್ಲಿ ಪಾಲ್ ಬ್ರೋಕಾ, ‘ಟಾನ್’ ಎಂಬುದನ್ನು ಬಿಟ್ಟರೆ ಬೇರೇನನ್ನೂ ಹೇಳಲು ಹೆಚ್ಚುಕಡಿಮೆ ಆಗದಿದ್ದ ರೋಗಿಯೊಬ್ಬನ ಮರಣದ ನಂತರ ಅವನ ಎಡ ಮುಂಭಾಗದ ಮಿದುಳಿನಲ್ಲಿ ಗಾಯವನ್ನು ಕಂಡರು. 1953ರಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆಗೆ ಒಳಗಾದ ಹೆನ್ರಿ ಮೊಲೈಸನ್ ಹೊಸ ನೆನಪುಗಳನ್ನು ಕೂಡಿಡುವ ಶಕ್ತಿಯನ್ನೇ ಕಳೆದುಕೊಂಡಾಗ, ಆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ, ಮಿದುಳಿನ ಆಳದಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗ ಏತಕ್ಕೆ ಬೇಕೆಂಬುದು ಬ್ರೆಂಡಾ ಮಿಲ್ನರ್ ಅವರ ಅಧ್ಯಯನದಿಂದ ಸ್ಪಷ್ಟವಾಯಿತು. ಪಾರ್ಶ್ವವಾಯುವಿನ ನಂತರ ತುಳು ಉಳಿದು ಮಲಯಾಳ ಹೋದ ರೋಗಿಯೊಬ್ಬರನ್ನು ವಾಕ್‌ಚಿಕಿತ್ಸಕರೊಂದಿಗೆ ಕೂತು ಎಚ್ಚರದಿಂದ ದಾಖಲಿಸುವ ವಿದ್ಯಾರ್ಥಿ ಕಡಿಮೆ ಖರ್ಚಿನಲ್ಲಿ ಬೆಲೆಬಾಳುವ ಕೆಲಸ ಮಾಡಿದಂತಾಗುತ್ತದೆ. ಗಾಯವು ನಮ್ಮ ಅನುಕೂಲದ ಗಡಿಗಳನ್ನು ನೋಡಿಕೊಂಡು ಆಗುವುದಿಲ್ಲ, ಒಬ್ಬರಂತೆ ಇನ್ನೊಬ್ಬರಿರುವುದಿಲ್ಲ ಎಂಬುದು ಅದರ ಮಿತಿ.

ಗಾಯಕ್ಕಾಗಿ ಕಾಯದೆ ತಾತ್ಕಾಲಿಕವಾಗಿ ಅಡ್ಡಿಪಡಿಸುವ ವಿಧಾನ ಟಿಎಂಎಸ್. 1985ರಲ್ಲಿ ಶೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ತೋರಿಸಿದ್ದು. ತಲೆಯ ಬಳಿ ಹಿಡಿದ ಸುರುಳಿಯ ಕಾಂತಸ್ಪಂದನವು ಕೆಳಗಿನ ಹೊರಪದರವನ್ನು ಕೆರಳಿಸುತ್ತದೆ. ಒಂದು ಜಾಗವನ್ನು ಅಡ್ಡಿಪಡಿಸಿದಾಗ ಭಾಷೆ ಬದಲಿಸುವುದು ನಿಧಾನವಾದರೆ, ಆ ಜಾಗಕ್ಕೆ ಪಾತ್ರವಿದೆ ಎನ್ನಲು ಬಲವಾದ ಆಧಾರ ಸಿಗುತ್ತದೆ. ಅಪಸ್ಮಾರದ ಇತಿಹಾಸವಿರುವವರನ್ನು ಬಿಡಬೇಕು, ತರಬೇತಿ ಪಡೆದವರು ಮತ್ತು ವೈದ್ಯರು ಹತ್ತಿರವಿರಬೇಕು, ಆಳದ ಭಾಗಗಳಿಗೆ ಇದು ನೇರವಾಗಿ ಎಟಕದು. ಮಿದುಳಿನೊಳಗೇ ಎಲೆಕ್ಟ್ರೋಡ್ ಇಟ್ಟು ದಾಖಲಿಸುವುದು ಕಾಲ, ಸ್ಥಳ ಎರಡರಲ್ಲೂ ಶ್ರೇಷ್ಠವಾದರೂ, ಚಿಕಿತ್ಸೆಗಾಗಿ ಅದು ಅಗತ್ಯವಿರುವ ಅಪಸ್ಮಾರದ ರೋಗಿಗಳಲ್ಲಿ ಮಾತ್ರ ನ್ಯಾಯಸಮ್ಮತ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಂತಹ ಅಪಸ್ಮಾರ ಕೇಂದ್ರಗಳ ವೈದ್ಯತಂಡದ ಭಾಗವಾಗದೆ ಆ ದಾರಿಯಿಲ್ಲ.

ಯಂತ್ರಗಳ ನಡುವೆ ಮರೆತುಹೋಗುವ ಇನ್ನೊಂದು ವಿಧಾನವೆಂದರೆ ಜನಸಮೂಹದ ಅಧ್ಯಯನ. 2013ರಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಮರೆಗುಳಿ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ದ್ವಿಭಾಷಿಗಳಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಆರಂಭವಾಗಿತ್ತೆಂದೂ, ಅನಕ್ಷರಸ್ಥರಲ್ಲೂ ಈ ವ್ಯತ್ಯಾಸವಿತ್ತೆಂದೂ ವರದಿ ಮಾಡಿದರು. ಇದೂ ಗಮನಿಸುವ ವಿಧಾನವೇ, ಕಾರಣವನ್ನು ಅಂತಿಮವಾಗಿ ಸಾಧಿಸದು. ಆದರೂ ಹಲವು ಭಾಷೆಯಾಡುವ ನಮ್ಮ ಜಿಲ್ಲೆಗೆ ಇದಕ್ಕಿಂತ ಹತ್ತಿರವಾದ ಮಾದರಿ ನನಗೆ ಕಾಣುವುದಿಲ್ಲ.

ಇದೇ ಸಂದರ್ಭದಲ್ಲಿ ನಮ್ಮ ಜಿಲ್ಲೆಯ ನೋವಿನ ಪ್ರಶ್ನೆಯೊಂದನ್ನು ಎತ್ತಲೇಬೇಕು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಎಣ್ಮಕಜೆಯಂತಹ ಗ್ರಾಮಗಳ ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿದರೆ ಎಲ್ಲ ತಿಳಿಯುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಒಂದು ಮಗುವಿನ ಸ್ಕ್ಯಾನಿನಲ್ಲಿ ಏನು ಕೆಟ್ಟಿದೆ ಎಂಬುದು ಕಾಣಬಹುದು, ಯಾವುದರಿಂದ ಕೆಟ್ಟಿತು ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಅದಕ್ಕೆ ವಿಷಕ್ಕೆ ಒಡ್ಡಿಕೊಂಡ ಊರನ್ನು ಒಡ್ಡಿಕೊಳ್ಳದ ಊರಿನೊಂದಿಗೆ ಹೋಲಿಸಬೇಕು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಎಣ್ಮಕಜೆಯ ಪಡ್ರೆ ಊರಿನ ಶಾಲಾಮಕ್ಕಳನ್ನು ಬೇರೆ ಊರಿನ ಮಕ್ಕಳೊಂದಿಗೆ ಹೋಲಿಸಿದ್ದು ಈ ಮಾರ್ಗದಲ್ಲಿಯೇ. ಇಂಥ ವಿಷಯದಲ್ಲಿ ದುಬಾರಿ ಯಂತ್ರಕ್ಕಿಂತ ಮನೆಮನೆಯ ಸಮೀಕ್ಷೆ ಹೆಚ್ಚು ನಿರ್ಣಾಯಕ.

ಈಗ ಆಯ್ಕೆಯ ಮಾತು. ಒಂದು ಸೆಮಿಸ್ಟರಿನ ಪ್ರಬಂಧ, ಕೈಯಲ್ಲಿ ಹಣವಿಲ್ಲ ಎನ್ನುವವರು ಪ್ರತಿಕ್ರಿಯಾವೇಳೆಯ ಪ್ರಯೋಗವನ್ನೋ ಮುಕ್ತ ದತ್ತಾಂಶದ ವಿಶ್ಲೇಷಣೆಯನ್ನೋ ಆರಿಸಿಕೊಳ್ಳಲಿ. ಎರಡರಲ್ಲಿ ಒಂದೆಂದರೆ ನಾನು ಮೊದಲನೆಯದನ್ನು ಹೇಳುವೆ, ಏಕೆಂದರೆ ಅದರಲ್ಲಿ ನಿಮ್ಮದೇ ಊರಿನ ಹೊಸ ದತ್ತಾಂಶ ಹುಟ್ಟುತ್ತದೆ. ಒಂದೆರಡು ವರ್ಷಗಳ ಅವಕಾಶವಿದ್ದು ಸಮೀಪದ ವಿಶ್ವವಿದ್ಯಾಲಯದಲ್ಲಿ ಇಇಜಿ ಇದ್ದರೆ ವರ್ತನೆ ಮತ್ತು ಇಇಜಿಯನ್ನು ಜೋಡಿಸಿ. ಆಳದ ಭಾಗಗಳ ಬಗ್ಗೆಯೇ ಪ್ರಶ್ನೆಯಿದ್ದು, ಅನುದಾನವೂ ಭೌತವಿಜ್ಞಾನ ಮತ್ತು ಸಂಖ್ಯಾಶಾಸ್ತ್ರ ಬಲ್ಲ ಸಹೋದ್ಯೋಗಿಯೂ ಇದ್ದರೆ ಮಾತ್ರ ಎಫ್‌ಎಂಆರ್‌ಐಗೆ ಹೋಗಿ. ಆ ಸಹೋದ್ಯೋಗಿ ಇಲ್ಲದಿದ್ದರೆ ಅನುದಾನ ಸಿಕ್ಕಿದರೂ ತಡೆಯಿರಿ. ಆಸ್ಪತ್ರೆಯೊಂದಿಗೆ ನಂಟಿರುವ ವಾಕ್‌ಶ್ರವಣ ವಿದ್ಯಾರ್ಥಿಗಳಿಗೆ ರೋಗಿಗಳ ಅಧ್ಯಯನವೇ ಉತ್ತಮ.

ಯಾವುದನ್ನು ಆರಿಸಿದರೂ ನೀತಿ ಸಮಿತಿಯ ಅನುಮತಿ ಮೊದಲು ಬೇಕು, ಮಕ್ಕಳಾದರೆ ಪೋಷಕರ ಸಮ್ಮತಿಯ ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. ಸಮ್ಮತಿಪತ್ರ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಮಾತ್ರ ಇದ್ದರೆ ಸಾಲದು: ಕನ್ನಡದಲ್ಲಿ ಬರೆದು, ಓದಲು ಬಾರದ ಅಜ್ಜಿಗೆ ತುಳುವಿನಲ್ಲಿ ವಿವರಿಸಿ, ಅವರು ಬೇಡವೆಂದರೆ ನಿಲ್ಲಿಸುತ್ತೇವೆಂಬ ಮಾತನ್ನೂ ಅದೇ ಭಾಷೆಯಲ್ಲಿ ಹೇಳಬೇಕು. ಎಂಆರ್‌ಐ ಮಾಡುವವರು ಇನ್ನೊಂದನ್ನು ಆರಂಭದಲ್ಲೇ ನಿರ್ಧರಿಸಿಕೊಳ್ಳಬೇಕು. ಆರೋಗ್ಯವಂತರೆಂದು ಕರೆತಂದವರ ಚಿತ್ರದಲ್ಲಿ ಸಂಶಯಾಸ್ಪದವಾದುದೇನಾದರೂ ಕಂಡರೆ ಅದನ್ನು ಯಾವ ನರವೈದ್ಯರಿಗೆ ತೋರಿಸುವುದು, ಆ ಮನೆಯವರಿಗೆ ಯಾರು, ಹೇಗೆ ತಿಳಿಸುವುದು ಎಂಬುದು ಮೊದಲ ಸ್ಕ್ಯಾನಿಗಿಂತ ಮುಂಚೆಯೇ ಬರಹದಲ್ಲಿರಬೇಕು.